ಗೋವಾದಿಂದ ಕಾರವಾರಕ್ಕೆ ಹಾಯಿದೋಣಿ: ಹೊಟ್ಟೆ ತೊಳಸೋರು ಒಬ್ಬರು ಜೊತೆಗಿದ್ದರೆ ಏನು ತಯಾರಿ?

ಕುಂದವಾಡ_ಕೆರೆ · ದಾವಣಗೆರೆ

ಡಿಸೆಂಬರ್ ಎರಡನೇ ವಾರ ಮರ್ಮಗೋವಾದಿಂದ ಕಾರವಾರಕ್ಕೆ 34 ಅಡಿಯ ಹಾಯಿದೋಣಿ ತರೋದಿದೆ. ನಾಲ್ಕು ಜನ. ಇಬ್ಬರಿಗೆ ಕಡಲು ಗೊತ್ತು, ಮೂರನೆಯವರು ಹಗ್ಗ ಎಳೆಯೋಕೆ ಪರವಾಗಿಲ್ಲ. ನಾಲ್ಕನೆಯವರಿಗೆ ದೇವಿಮನೆ ಘಾಟಿಯ ಮೂರನೇ ತಿರುವಿಗೇ ಕಿಟಕಿ ಸೀಟು ಬೇಕು. ಬಿಟ್ಟುಹೋಗೋ ಮಾತಿಲ್ಲ, ಅವರೂ ಬರೋದೇ. ಕೇಳೋದಿಷ್ಟು: ಯಾವ ಮಾತ್ರೆ, ಯಾವಾಗ? ಎಲ್ಲಿ ಕೂರಿಸೋದು? ವಾಂತಿ ಶುರುವಾದ ಮೇಲೆ ಏನು ಮಾಡೋದು? ಯಾವ ಹಂತದಲ್ಲಿ ದಡಕ್ಕೆ ತಿರುಗಿಸೋದು? "ಶುಂಠಿ ಜಗಿದ್ರೆ ಸರಿಹೋಗುತ್ತೆ" ಅನ್ನೋ ಉತ್ತರ ಮನೆಯಲ್ಲೇ ಸಿಕ್ಕಿದೆ.

ಏಳುಸುತ್ತಿನ_ಕೋಟೆ · ಚಿತ್ರದುರ್ಗ

ಮಾತ್ರೆ ಮೂರನೇ ಪ್ರಶ್ನೆ ಸಾರ್. ಮೊದಲನೇದು, ಎಷ್ಟು ಗಂಟೆಗೆ ಲಂಗರು ಎತ್ತುತ್ತೀರಿ. ಎರಡನೇದು, ಗಾಳಿಗೆ ದೋಣಿಯ ಯಾವ ಮಗ್ಗುಲು ಕೊಡುತ್ತೀರಿ. ಇವೆರಡೂ ಸರಿಯಿದ್ದರೆ ಅರ್ಧ ಕಾಯಿಲೆ ಬಂದರಿನಲ್ಲೇ ಉಳಿಯುತ್ತೆ.

ಮರ್ಮಗೋವಾದಿಂದ ಕಾರವಾರ ನೇರ ಗೆರೆಯಲ್ಲಿ ಸುಮಾರು 42 ನಾಟಿಕಲ್ ಮೈಲಿ. ಗಂಟೆಗೆ 5 ಮೈಲಿ ಅಂದುಕೊಂಡರೆ ಎಂಟೂವರೆ ಗಂಟೆ. ಡಿಸೆಂಬರಿನಲ್ಲಿ ಈ ಕರಾವಳಿಯ ದಿನಚರಿ ಹೆಚ್ಚುಕಡಿಮೆ ಒಂದೇ: ರಾತ್ರಿಯಿಂದ ಬೆಳಗಿನ ಒಂಬತ್ತು ಹತ್ತರವರೆಗೆ ಪೂರ್ವದಿಂದ ನೆಲಗಾಳಿ, ಮೆಲ್ಲಗೆ. ಆಮೇಲೆ ಸ್ವಲ್ಪ ಹೊತ್ತು ಗಾಳಿಯೇ ಇಲ್ಲ. ಮಧ್ಯಾಹ್ನದಿಂದ ವಾಯವ್ಯದ ಕಡಲಗಾಳಿ, ಸಂಜೆ ಹೊತ್ತಿಗೆ 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲಿ) ದಾಟೋದು ಅಪರೂಪವಲ್ಲ. ನೆಲಗಾಳಿ ದಡದಿಂದ ಬೀಸೋದ್ರಿಂದ ದಡದ ಹತ್ತಿರ ಅಲೆ ಏಳೋಕೆ ಜಾಗವೇ ಇರಲ್ಲ, ನೀರು ಚಪ್ಪಟೆ. ಹಾಗಾಗಿ ಬೆಳಗ್ಗೆ ಐದೂವರೆಗೆ ಹೊರಡಿ. ಗಟ್ಟಿ ಗಾಳಿ ಏಳೋ ಹೊತ್ತಿಗೆ ಮುಕ್ಕಾಲು ದಾರಿ ಮುಗಿದಿರುತ್ತೆ. "ತಿಂಡಿ ತಿಂದು ಆರಾಮಾಗಿ ಹತ್ತಕ್ಕೆ ಹೊರಡೋಣ" ಅಂದ್ರೆ ನಿಮ್ಮ ನಾಲ್ಕನೆಯವರ ದಿನವೆಲ್ಲ ಕೆಟ್ಟ ಹೊತ್ತಿನಲ್ಲೇ ಕಳೆಯುತ್ತೆ.

ಇನ್ನು ದಿಕ್ಕು. ನಿಮ್ಮ ದಾರಿ ಆಗ್ನೇಯಕ್ಕಿಂತ ಕೊಂಚ ದಕ್ಷಿಣಕ್ಕೆ, ಕಡಲಗಾಳಿ ವಾಯವ್ಯದಿಂದ, ಅಂದ್ರೆ ಹೆಚ್ಚುಕಡಿಮೆ ಬೆನ್ನಿಗೇ ಗಾಳಿ. ಕೇಳೋಕೆ ಸುಖ. ಆದರೆ ನೇರ ಬೆನ್ನುಗಾಳಿಯಲ್ಲಿ ದೋಣಿ ತೊಟ್ಟಿಲಿನಂತೆ ಎಡಕ್ಕೂ ಬಲಕ್ಕೂ ಉರುಳುತ್ತೆ, ಒಂದು ಬದಿಗೆ ವಾಲಿ ನಿಲ್ಲಲ್ಲ. ಮೂತಿಯನ್ನು 20–30 ಡಿಗ್ರಿ ತಿರುಗಿಸಿ ಗಾಳಿಯನ್ನು ಹಿಂದಿನ ಮೂಲೆಗೆ ತನ್ನಿ. ಹಾಯಿ ತುಂಬಿ ಒಂದೇ ಬದಿಗೆ ಒತ್ತಿ ಹಿಡಿಯುತ್ತೆ, ಉರುಳೋದು ಇಳಿಯುತ್ತೆ, ಬೂಮ್ (ದೊಡ್ಡ ಹಾಯಿಯ ಅಡಿಯ ಅಡ್ಡಕೋಲು) ತಾನಾಗಿ ಇನ್ನೊಂದು ಬದಿಗೆ ಹಾರೋ ಭಯವೂ ಕಮ್ಮಿ. ದಾರಿ ಒಂದೆರಡು ಮೈಲಿ ಉದ್ದವಾದರೆ ಆಗಲಿ.

ಔಷಧಿ_ಅಂಗಡಿ · ದಾವಣಗೆರೆ

ಮಾತ್ರೆ ಮೂರನೇದೇ ಇರಲಿ, ಆದರೆ ಅದರ ಗಡಿಯಾರ ಹಿಂದಿನ ರಾತ್ರಿಯೇ ಶುರು.

ಓಕರಿಕೆ ಶುರುವಾದ ಮೇಲೆ ನುಂಗಿದ ಮಾತ್ರೆಯಿಂದ ಉಪಯೋಗ ಕಡಿಮೆ. ವಾಂತಿಯಲ್ಲಿ ಹೊರಗೆ ಬೀಳೋದು ಒಂದು ಕಾರಣ. ದೊಡ್ಡ ಕಾರಣ ಬೇರೆ: ಆ ಸ್ಥಿತಿಯಲ್ಲಿ ಹೊಟ್ಟೆ ಕೆಳಕ್ಕೆ ಕಳಿಸೋ ಕೆಲಸ ನಿಲ್ಲಿಸಿರುತ್ತೆ. ಮಾತ್ರೆ ಕರುಳು ಸೇರಿದರೆ ತಾನೆ ರಕ್ತಕ್ಕೆ ಸೇರೋದು?

ನಮ್ಮ ಅಂಗಡಿಗಳಲ್ಲಿ ಸಿಗೋದು ಇವು. ಪ್ರೊಮೆಥಜಿನ್ 25 ಮಿ.ಗ್ರಾಂ., ಜನ ಕೇಳೋದು ಅವೋಮಿನ್ ಅಂತ. ಹಿಂದಿನ ರಾತ್ರಿ ಮಲಗೋ ಮುಂಚೆ ಒಂದು, ಇಲ್ಲವೇ ಹೊರಡೋ ಒಂದೆರಡು ಗಂಟೆ ಮೊದಲು. ಕೆಲಸ ಮಾಡುತ್ತೆ, ಆದರೆ ನಿದ್ದೆ ಜೋರು. ಡೈಮೆನ್‌ಹೈಡ್ರಿನೇಟ್ 50 ಮಿ.ಗ್ರಾಂ. ಅರ್ಧ ಮುಕ್ಕಾಲು ಗಂಟೆ ಮೊದಲು, 4ರಿಂದ 6 ಗಂಟೆ ನಡೆಯುತ್ತೆ, ಇದಕ್ಕೂ ನಿದ್ದೆ. ಸಿನ್ನರಿಜಿನ್ 25 ಮಿ.ಗ್ರಾಂ. (ಸ್ಟುಜೆರಾನ್) 2 ಗಂಟೆ ಮೊದಲು. ಮಂಪರು ಸ್ವಲ್ಪ ಕಡಿಮೆ ಅಂತ ಹಾಯಿದೋಣಿಯವರು ಇದನ್ನೇ ಇಷ್ಟಪಡ್ತಾರೆ.

ಎರಡು ಬಗೆ ಬೆರೆಸಬೇಡಿ, ಹಿಂದಿನ ರಾತ್ರಿ ಎಣ್ಣೆಯಂತೂ ಬೇಡವೇ ಬೇಡ. ಕಣ್ಣಿನ ಒತ್ತಡ (ಗ್ಲಾಕೋಮಾ), ಪ್ರಾಸ್ಟೇಟ್ ಊದಿ ಮೂತ್ರ ಕಟ್ಟೋರು, ಗರ್ಭಿಣಿಯರು, ಫಿಟ್ಸ್ ಇರೋರು ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಬಾರದು. ಪಾರ್ಕಿನ್ಸನ್ ಇದ್ದರೆ ಸಿನ್ನರಿಜಿನ್ ಬೇಡ.

ಮುಖ್ಯವಾದ್ದು: ಮಾತ್ರೆಯನ್ನು ಮೊದಲ ಸಲ ದೋಣಿಯಲ್ಲಿ ನುಂಗಬಾರದು. ವಾರ ಮೊದಲೇ ಒಂದು ಭಾನುವಾರ ಮನೆಯಲ್ಲಿ ತಗೊಂಡು ನೋಡಲಿ. ಎಷ್ಟು ನಿದ್ದೆ ಬರುತ್ತೆ, ಬಾಯಿ ಎಷ್ಟು ಒಣಗುತ್ತೆ ಅಂತ ಗೊತ್ತಾಗುತ್ತೆ. ಅವತ್ತು ಬೈಕು ಮುಟ್ಟೋದು ಬೇಡ.

ಮಂಡಕ್ಕಿ_ಮಿರ್ಚಿ · ದಾವಣಗೆರೆ

ಔಷಧಿ ಅಣ್ಣಾ, ವಾಂತಿಗೆ ಡಾಕ್ಟ್ರು ನಾಲಿಗೆ ಮೇಲೆ ಕರಗೋ ಒಂಡಾನ್‌ಸೆಟ್ರಾನ್ ಬರೀತಾರಲ್ಲ, ಅದು ಮನೇಲಿ ಐತಿ ಅಂತ ಅದನ್ನೇ ತಗೊಂಡು ಹೋಗೋರು ಬಾಳ. ನಡೀತೈತೇನು?

ಔಷಧಿ_ಅಂಗಡಿ · ದಾವಣಗೆರೆ

ತಡೆಯೋಕೆ ನಡೆಯಲ್ಲ. ಅದು ಸಿರೊಟೋನಿನ್ ದಾರಿ ಮುಚ್ಚುತ್ತೆ. ಹೊಟ್ಟೆ ಕೆಟ್ಟಾಗ, ಕೀಮೋ ಕೊಟ್ಟಾಗ ಆಗೋ ವಾಂತಿಗೆ ಹೇಳಿಮಾಡಿಸಿದ್ದು. ಓಲಾಟದ ವಾಂತಿ ಕಿವಿಯ ಒಳಗಿನ ಸಮತೋಲನದ ಅಂಗದಿಂದ ಹೊರಟು ಹಿಸ್ಟಮಿನ್, ಅಸೆಟೈಲ್‌ಕೋಲಿನ್ ದಾರಿಯಲ್ಲಿ ಬರೋದು. ಆ ದಾರಿ ಮುಚ್ಚೋದು ಮೇಲೆ ಹೇಳಿದ ಮಾತ್ರೆಗಳೇ. ಡೊಂಪೆರಿಡೋನೂ ಇಲ್ಲಿ ಲೆಕ್ಕಕ್ಕಿಲ್ಲ. ತಲೆಸುತ್ತಿಗೆ ಕೊಡೋ ಬೀಟಾಹಿಸ್ಟಿನ್ ಬೇರೆ ಕಾಯಿಲೆಯದು.

ಕಿವಿ ಹಿಂದೆ ಅಂಟಿಸೋ ಹಯೋಸಿನ್ ಪಟ್ಟಿ ಯಾರಾದರೂ ಹೊರದೇಶದಿಂದ ತಂದುಕೊಟ್ಟರೆ: ಕನಿಷ್ಠ 4 ಗಂಟೆ ಮೊದಲು ಅಂಟಿಸಬೇಕು, 72 ಗಂಟೆ ಇರುತ್ತೆ, ಕತ್ತರಿಸಬಾರದು, ಒಂದೇ ಪಟ್ಟಿ. ಅಂಟಿಸಿದ ಕೈ ಸೋಪು ಹಾಕಿ ತೊಳೀಬೇಕು. ಅದೇ ಬೆರಳಿನಿಂದ ಕಣ್ಣು ಉಜ್ಜಿಕೊಂಡರೆ ಆ ಕಣ್ಣಿನ ಪಾಪೆ ಹಿಗ್ಗಿ ಗಂಟೆಗಟ್ಟಲೆ ಮಬ್ಬು. ಗ್ಲಾಕೋಮಾ, ಪ್ರಾಸ್ಟೇಟಿನ ಎಚ್ಚರಿಕೆ ಇದಕ್ಕೂ ಉಂಟು.

ಬಯಲುಸೀಮೆ_ಹಾಯಿ · ಹರಿಹರ

ದಾವಣಗೆರೆಯಿಂದ ಹೋಗೋ ದಾರಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ರಾತ್ರಿಯೆಲ್ಲ ಕಾರಿನಲ್ಲಿ ಅನಮೋಡ ಘಾಟಿ ಇಳಿದು ನೇರ ದೋಣಿ ಹತ್ತಿಸಿದರೆ ಆ ಮನುಷ್ಯ ಅರ್ಧ ಸೋತೇ ಬಂದಿರ್ತಾರೆ. ನಿದ್ದೆಗೆಟ್ಟಿರೋದು, ಖಾಲಿ ಹೊಟ್ಟೆ, ನೀರು ಕುಡಿಯದಿರೋದು, ಮೂರೂ ಸೇರಿದರೆ ಮಾತ್ರೆಯೂ ಸೋಲುತ್ತೆ. ಯಶವಂತಪುರ–ವಾಸ್ಕೋ ರೈಲು ದಾವಣಗೆರೆ ಮೇಲೇ ಹೋಗುತ್ತೆ, ವಾಸ್ಕೋ ಇಳಿದರೆ ಮರ್ಮಗೋವಾ ಪಕ್ಕದಲ್ಲೇ. ಒಂದು ದಿನ ಮುಂಚೆ ಹೋಗಿ, ಆ ರಾತ್ರಿ ಲಂಗರು ಹಾಕಿದ ದೋಣಿಯಲ್ಲೇ ಮಲಗಿಸಿ. ಸಣ್ಣ ಅಲುಗಾಟಕ್ಕೆ ಕಿವಿ ಅಷ್ಟರಮಟ್ಟಿಗಾದರೂ ಒಗ್ಗುತ್ತೆ. ಪೂರ್ತಿ ಒಗ್ಗೋಕೆ ಎರಡು ಮೂರು ದಿನ ಬೇಕು, ನಿಮ್ಮದು ಒಂದೇ ದಿನದ ಪಯಣ. ಹಾಗಾಗಿ "ಆಮೇಲೆ ಅಭ್ಯಾಸ ಆಗುತ್ತೆ ಬಿಡಿ" ಅನ್ನೋ ಸಮಾಧಾನ ಈ ದಾರಿಗೆ ಹೊಂದಲ್ಲ.

ಮಾರಿಕಣಿವೆಯಲ್ಲೋ ಸೂಳೆಕೆರೆಯಲ್ಲೋ ದೋಣಿ ಹತ್ತಿ "ಏನೂ ಆಗಲಿಲ್ಲ" ಅಂದರೆ ನಂಬಬೇಡಿ. ಕೆರೆಯಲ್ಲಿ ಇರೋದು ಚಿಕ್ಕ, ಚುರುಕು ಅಲೆ. ಹೊಟ್ಟೆ ಕೆಡಿಸೋದು ದೂರದಿಂದ ಉರುಳಿಕೊಂಡು ಬರೋ ಉದ್ದಲೆ. ಮೇಲೆ ಹೋಗಿ ಕೆಳಗೆ ಬರೋಕೆ ಸುಮಾರು 5 ಸೆಕೆಂಡು ಹಿಡಿಯೋ ಏರಿಳಿತವೇ ಮನುಷ್ಯನಿಗೆ ಅತಿ ಕೆಟ್ಟದ್ದು. ಗಡಗಡ ನಡುಗೋ ಟ್ರ್ಯಾಕ್ಟರಿನಲ್ಲಿ ಯಾರಿಗೂ ವಾಂತಿ ಬರಲ್ಲ ನೋಡಿ.

ಮಂಡಕ್ಕಿ_ಮಿರ್ಚಿ · ದಾವಣಗೆರೆ

ಊಟದ್ದು ನನಗೆ ಬಿಡ್ರಿ. ಹಿಂದಿನ ರಾತ್ರಿ ಅನ್ನ, ತಿಳಿಸಾರು, ಅಷ್ಟೇ. ಗೋವಾಕ್ಕೆ ಬಂದೀವಿ ಅಂತ ಕರಿದ ಮೀನು ಬ್ಯಾಡ. ಬೆಳಗ್ಗೆ ಬೆಣ್ಣೆ ದೋಸೆ ಆಸೆನೂ ಬ್ಯಾಡ. ಜಿಡ್ಡು ಹೊಟ್ಟೇಲಿ ಗಂಟೆಗಟ್ಟಲೆ ಕುಂತಿರ್ತೈತಿ. ಹಂಗಂತ ಖಾಲಿ ಹೊಟ್ಟೇಲಿ ಕಾಫಿ ಕುಡಿಸಿ ಹೊರಡಿಸಿದ್ರೂ ತಪ್ಪೇ. ಎರಡು ಇಡ್ಲಿ, ಇಲ್ಲಾ ಒಂದು ಬಟ್ಟಲು ಗಂಜಿ, ಹೊರಡೋ ಒಂದು ಗಂಟೆ ಮುಂಚೆ.

ದೋಣಿಗೆ ನಮ್ಮೂರ ಮಂಡಕ್ಕಿಯಷ್ಟು ಒಳ್ಳೇದು ಇನ್ನೊಂದಿಲ್ಲ. ಒಗ್ಗರಣೆ ಹಾಕಿದ್ದಲ್ಲ, ಬರೀ ಮಂಡಕ್ಕಿ. ಒಗ್ಗರಣೆ ಎಣ್ಣೆ, ಹಸಿ ಈರುಳ್ಳಿ ವಾಸನೆ ಬಂತೋ ಕೆಲಸ ಕೆಟ್ಟಂಗೆ. ಒಂದು ಲೀಟರಿನ ಡಬ್ಬಿ ತುಂಬಿ ಮುಚ್ಚಳ ಬಿಗೀರಿ, ಕಡಲಗಾಳಿಗೆ ಅರ್ಧ ಗಂಟೇಲಿ ಮೆತ್ತಗಾಗ್ತೈತಿ. ಖಡಕ್ ಜೋಳದ ರೊಟ್ಟಿ ಮುರಿದು ಇಟ್ಕೊಂಡ್ರೂ ಆತು. ಅರ್ಧ ಗಂಟೆಗೊಂದು ಹಿಡಿ, ಹಸಿವಿರಲಿ ಬಿಡಲಿ. ಅಡುಗೆ ಏನಿದ್ರೂ ದಡದಲ್ಲೇ ಮಾಡಿ ಫ್ಲಾಸ್ಕಿಗೆ ಹಾಕ್ಕೊಳ್ರಿ. ದೋಣಿ ಒಳಗೆ ಸ್ಟವ್ ಹಚ್ಚಿದ್ರಿ ಅಂದ್ರೆ ಒಬ್ಬರು ಹೋಗಿ ಇಬ್ಬರಾಗ್ತಾರೆ.

ತುಪ್ಪದ_ಕೊಳ · ಚಿತ್ರದುರ್ಗ

ಶುಂಠಿಯನ್ನು ಪೂರ್ತಿ ತಳ್ಳಿಹಾಕಬೇಡಿ. ಸಣ್ಣ ಓಕರಿಕೆಗೆ ಕೆಲವರಿಗೆ ಹಿಡಿಯುತ್ತೆ, ಮಂಪರು ತರಲ್ಲ. ಆದರೆ ಮಾತ್ರೆಯ ಬದಲಿಗೆ ಅಲ್ಲ, ಜೊತೆಗೆ. ಓಕರಿಕೆ ತಡೆಯೋಕೆ ಅಂತ ಮಣಿಕಟ್ಟಿಗೆ ಕಟ್ಟೋ ಒತ್ತುಪಟ್ಟಿ ಬಗ್ಗೆ ಅಧ್ಯಯನಗಳು ಒಂದೊಂದು ಒಂದೊಂದು ಥರ ಹೇಳುತ್ತವೆ. ಕಟ್ಟಿಕೊಂಡರೆ ನಷ್ಟವಿಲ್ಲ, ನೆಚ್ಚಿಕೊಂಡರೆ ನಷ್ಟ.

ನಾನು ಹೇಳಬೇಕಿರೋದು ಗುರುತು ಹಿಡಿಯೋದರ ಬಗ್ಗೆ. ವಾಂತಿ ಕಾಯಿಲೆಯ ಕೊನೇ ಅಧ್ಯಾಯ. ಮೊದಲನೇದು ಮೌನ. ಅಲ್ಲೀವರೆಗೆ ಹರಟುತ್ತಿದ್ದವರು ಸುಮ್ಮನಾಗುತ್ತಾರೆ. ಆಮೇಲೆ ಆಕಳಿಕೆ, ಒಂದಾದ ಮೇಲೊಂದು. ಜೊಲ್ಲು ನುಂಗ್ತಾ ಇರ್ತಾರೆ. ತುಟಿಯ ಸುತ್ತ ಬಣ್ಣ ಇಳಿಯುತ್ತೆ, ಹಣೆಯಲ್ಲಿ ತಣ್ಣನೆ ಬೆವರು, ಕಣ್ಣು ಕಾಲ ಬಳಿಯ ನೆಲಕ್ಕೆ ನೆಟ್ಟಿರುತ್ತೆ. "ಹುಷಾರಾಗಿದ್ದೀರಾ?" ಅಂದರೆ "ಹೂಂ" ಅಂತಾರೆ, ನಂಬಬೇಡಿ. ಮೂರನೇ ಆಕಳಿಕೆಗೇ ಎಬ್ಬಿಸಿ ಚುಕ್ಕಾಣಿ ಕೈಗೆ ಕೊಡಿ.

ಚುಕ್ಕಾಣಿ ಯಾಕೆ ಅಂದ್ರೆ, ಹಿಡಿದವರ ಕಣ್ಣು ತಾನಾಗಿ ಬಾನಂಚಿಗೆ ಹೋಗುತ್ತೆ. ದೋಣಿ ಯಾವ ಕಡೆ ವಾಲುತ್ತೆ ಅನ್ನೋದು ಕೈಗೆ ಮೊದಲೇ ಗೊತ್ತಾಗುತ್ತೆ, ಕಿವಿ ಹೇಳಿದ್ದೂ ಕಣ್ಣು ಹೇಳಿದ್ದೂ ತಾಳೆಯಾಗುತ್ತೆ. ಬಸ್ಸಿನಲ್ಲಿ ಡ್ರೈವರಿಗೆ ಯಾಕೆ ವಾಂತಿ ಬರಲ್ಲ, ಇದೂ ಅದೇ. ದಿಕ್ಸೂಚಿ ನೋಡಿ ಓಡಿಸು ಅನ್ನಬೇಡಿ, ಕಣ್ಣು ಮತ್ತೆ ಕೆಳಗಿಳಿಯುತ್ತೆ. ದಡದ ಒಂದು ಗುಡ್ಡವನ್ನೋ ಮೋಡವನ್ನೋ ಗುರಿ ಕೊಡಿ.

ಏಳುಸುತ್ತಿನ_ಕೋಟೆ · ಚಿತ್ರದುರ್ಗ

ಚುಕ್ಕಾಣಿ ಕೊಡೋದಕ್ಕೆ ನನ್ನ ಒಪ್ಪಿಗೆ ಇದೆ, ಒಂದು ತಕರಾರಿನೊಂದಿಗೆ. ನೆಲಗಾಳಿ ಇದ್ದಾಗ ಕೊಡಿ. ಮಧ್ಯಾಹ್ನ ಗಾಳಿ ಬೆನ್ನಿಗೆ ಬಂದಾಗ ಮಾತ್ರೆ ಮಂಪರಿನ ಕೈಗೆ ಕೊಟ್ಟು, ಗಮನ ತಪ್ಪಿ ಬೂಮ್ ಆ ಬದಿಯಿಂದ ಈ ಬದಿಗೆ ಹಾರಿದರೆ ತಲೆ ಒಡೆಯುತ್ತೆ. ಆ ಹೊತ್ತಿಗೆ ಬೂಮಿಗೆ ಪ್ರಿವೆಂಟರ್ ಹಗ್ಗ (ಅದು ಹಾರದಂತೆ ಹಿಡಿಯೋದು) ಕಟ್ಟಿರಲಿ, ಅನುಭವಿ ಒಬ್ಬರು ಕೈಗೆಟುಕುವಷ್ಟು ಹತ್ತಿರ ಇರಲಿ.

ತುಪ್ಪದ_ಕೊಳ · ಚಿತ್ರದುರ್ಗ

ಒಪ್ಪಿದೆ.

ಕೂರೋ ಜಾಗ: ಕಾಕ್‌ಪಿಟ್ಟಿನಲ್ಲಿ (ಚುಕ್ಕಾಣಿ ಹಿಡಿಯೋರು ಕೂರೋ ತೆರೆದ ಜಾಗ), ದೋಣಿಯ ನಡುವಿಗೆ ಎಷ್ಟು ಹತ್ತಿರವಾಗುತ್ತೋ ಅಷ್ಟು. ಮುಂದಿನ ಮೂತಿ ಏತದ ಥರ ಏರಿ ಇಳಿಯುತ್ತೆ, ಅಲ್ಲಿ ಬೇಡ. ಎಂಜಿನ್ ಹೊಗೆ ಬರೋ ಜಾಗ ಬೇಡ. ಫೋನು, ನಕ್ಷೆ, ಬೈನಾಕ್ಯುಲರ್ ಯಾವುದೂ ಬೇಡ. ಅಷ್ಟಾದರೂ ತಡೆಯಲಿಲ್ಲ ಅಂದ್ರೆ ಕೂತು ಹೋರಾಡಿಸಬೇಡಿ. ಮಧ್ಯದ ಕ್ಯಾಬಿನ್ನಿನ ತಗ್ಗಿನ ಬೆಂಚಿನ ಮೇಲೆ ಅಂಗಾತ ಮಲಗಿಸಿ, ಕಣ್ಣು ಮುಚ್ಚಿಸಿ, ತಲೆ ಎರಡೂ ಕಡೆ ಅಲುಗದಂತೆ ದಿಂಬು ಒತ್ತಿ. ಉರುಳದಂತೆ ಬಟ್ಟೆಯ ತಡೆ ಕಟ್ಟಿ. ಮೇಲಿನ ಕಿಂಡಿ ತೆರೆದಿರಲಿ. ಮಲಗಿಸೋದಾದರೆ ಬೇಗ ಮಲಗಿಸಿ. ಅರ್ಧ ಮೆಟ್ಟಿಲು ಇಳಿದು ಬೂಟಿನ ಲೇಸು ಬಿಚ್ಚುತ್ತಾ ಕೂತರೆ ಅಲ್ಲೇ ಕೆಲಸ ಮುಗೀತು. ಬೂಟು, ಜಾಕೆಟ್ಟು ಇನ್ನೊಬ್ಬರು ಬಿಚ್ಚಲಿ.

ಕುಂದವಾಡ_ಕೆರೆ · ದಾವಣಗೆರೆ

ಹೊರಡೋ ಹೊತ್ತು ಐದೂವರೆ ಅಂತ ಬರೆದುಕೊಂಡೆ. ವಾಂತಿ ಬಂದೇ ಬಿಟ್ಟರೆ? ಬದಿಗೆ ಬಗ್ಗಿ ಕಡಲಿಗೇ ಮಾಡಿಸೋದಾ?

ಬಯಲುಸೀಮೆ_ಹಾಯಿ · ಹರಿಹರ

ಬೇಡ. ಈ ವಿಷಯದಲ್ಲಿ ಜನ ಅತಿ ಹಗುರವಾಗಿ ತಗೊಳ್ಳೋದೇ ಇದನ್ನ. ವಾಂತಿಯಿಂದ ಯಾರೂ ಒಂದು ದಿನದಲ್ಲಿ ಸಾಯಲ್ಲ. ಕಂಬಿಯ ಮೇಲೆ ಬಗ್ಗಿ ನೀರಿಗೆ ಬಿದ್ದು ಸಾಯಬಹುದು. ಓಕರಿಸೋ ಮನುಷ್ಯನಿಗೆ ತನ್ನ ಜೀವದ ಮೇಲೂ ಆಸ್ಥೆ ಇರಲ್ಲ, ತಮ್ಮನ್ನು ದೋಣಿಗೆ ಕಟ್ಟೋ ಹಗ್ಗದ ಹುಕ್ಕು ಹಾಕಿಕೊಳ್ಳೋದನ್ನ ಮೊದಲು ಮರೆಯೋದೇ ಅವರು.

ಬಕೆಟ್ಟು ಇಡಿ. 5 ಲೀಟರಿನ ಮುಚ್ಚಳದ ಬಕೆಟ್ಟು, ಹಿಡಿಕೆಗೆ ಒಂದು ಮೀಟರ್ ಹಗ್ಗ ಕಟ್ಟಿ ಕಾಕ್‌ಪಿಟ್ಟಿನ ಕಡ್ಡಿಗೆ ಬಿಗಿದಿರಲಿ. ತಳದಲ್ಲಿ ಎರಡು ಬೆರಳು ಕಡಲ ನೀರು ಹಾಕಿದ್ದರೆ ಅಂಟಲ್ಲ, ತೊಳೆಯೋದು ಸುಲಭ. ಮುಖ ಒರೆಸೋಕೆ ಒದ್ದೆ ಬಟ್ಟೆ, ಬಾಯಿ ಮುಕ್ಕಳಿಸೋಕೆ ಸಿಹಿನೀರು ಅಲ್ಲೇ ಪಕ್ಕದಲ್ಲಿ. ಬಕೆಟ್ಟು ಖಾಲಿ ಮಾಡೋದು ಬೇರೆಯವರ ಕೆಲಸ, ಅದೂ ಗಾಳಿ ಹೋಗೋ ಬದಿಗೆ. ಗಾಳಿ ಬರೋ ಬದಿಗೆ ಸುರಿದರೆ ಏನಾಗುತ್ತೆ ಅಂತ ಬರೆಯೋದು ಬೇಡ. ಒಳಗಿನ ಟಾಯ್ಲೆಟ್ಟಿಗೆ ಕಳಿಸಬೇಡಿ. ಬಾಗಿಲು ಮುಚ್ಚಿದ ಗೂಡು, ವಾಸನೆ, ಬಗ್ಗಿದ ತಲೆ, ಎಲ್ಲ ಒಂದೇ ಕಡೆ.

ಬೆಳಗ್ಗೆ ಬಂದರು ಬಿಡೋ ಮುಂಚೆಯೇ ಲೈಫ್ ಜಾಕೆಟ್, ಹಾರ್ನೆಸ್ (ಆ ಹಗ್ಗ ಸಿಕ್ಕಿಸೋ ಎದೆಪಟ್ಟಿ) ಹಾಕಿಸಿ ಸಣ್ಣ ಹಗ್ಗದ ಹುಕ್ಕನ್ನು ನೀವೇ ಸಿಕ್ಕಿಸಿ. ಹಗ್ಗ ಒಂದು ಮೀಟರಿನದಿರಲಿ. ಎರಡು ಮೀಟರಿನದಾದರೆ ಕಂಬಿ ದಾಟಿ ನೀರಿಗೆ ತಲುಪುತ್ತೆ.

ತುಪ್ಪದ_ಕೊಳ · ಚಿತ್ರದುರ್ಗ

ವಾಂತಿ ಆದ ತಕ್ಷಣ ಲೋಟ ತುಂಬ ನೀರು ಕೊಡಬೇಡಿ, ಅಷ್ಟೂ ವಾಪಸ್ ಬರುತ್ತೆ. ಹತ್ತು ನಿಮಿಷ ಬಿಟ್ಟು ಓಆರ್‌ಎಸ್, ಒಂದು ಟೀ ಚಮಚ, ಅಂದ್ರೆ 5 ಮಿ.ಲೀ. ಎರಡು ನಿಮಿಷಕ್ಕೊಂದು ಚಮಚ ಕೊಟ್ಟರೂ ಗಂಟೆಗೆ 150 ಮಿ.ಲೀ. ಒಳಗೆ ಹೋಗುತ್ತೆ. ಉಳೀತು ಅಂತ ಕಂಡ ಮೇಲೆ ಗುಟುಕು ಹೆಚ್ಚಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣ ಪೂರ್ತಿ ಒಂದು ಲೀಟರಿಗೆ ಒಂದೇ ಸಲ ಕಲಸಬೇಕು. ಅಂದಾಜಿಗೆ ಅರ್ಧರ್ಧ ಕಲಸಬೇಡಿ, ಗಟ್ಟಿಯಾದರೆ ಹಾನಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ನಮ್ಮ ಕಡಲಲ್ಲಿ ಚಳಿಗಿಂತ ಬಿಸಿಲು ದೊಡ್ಡ ಶತ್ರು. ಮಲಗಿದ್ದಾರೆ ಅಂತ ಬಿಸಿಲಲ್ಲಿ ಬಿಟ್ಟರೆ ವಾಂತಿಯ ಜೊತೆ ಬಿಸಿಲ ಹೊಡೆತವೂ ಸೇರುತ್ತೆ.

ಎಲ್ಲವೂ ಕಡಲ ವಾಂತಿ ಅಲ್ಲ ಅನ್ನೋದೂ ನೆನಪಿರಲಿ. ಐವತ್ತು ದಾಟಿದವರಿಗೆ ಬೆವರು, ಓಕರಿಕೆ ಜೊತೆ ಎದೆಯೋ ದವಡೆಯೋ ತೋಳೋ ಹಿಡಿದುಕೊಂಡರೆ ಹೃದಯ ಅಂತಲೇ ಎಣಿಸಿ. ಎಂಜಿನ್ ಓಡುವಾಗ ಕ್ಯಾಬಿನ್ನಿನಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ ಹೊಗೆಯ ವಿಷ. ಎಲ್ಲರನ್ನೂ ಹೊರಗೆ ತನ್ನಿ, ಎಂಜಿನ್ ನಿಲ್ಲಿಸಿ. ಇನ್ಸುಲಿನ್ ತಗೊಳ್ಳೋ ಸಕ್ಕರೆ ಕಾಯಿಲೆಯವರು ಒಂದೆರಡು ಸಲ ವಾಂತಿ ಮಾಡಿದರೇ ತಿರುಗಿಸೋ ಯೋಚನೆ ಮಾಡಿ. ಉಳಿದವರಿಗೆ ನನ್ನ ಗೆರೆ ಇದು: ಏಳೆಂಟು ಗಂಟೆ ಮೂತ್ರವೇ ಇಲ್ಲ, ಮಾತು ತೊದಲುತ್ತೆ, ವಾಂತಿಯಲ್ಲಿ ರಕ್ತ. ಮೂರರಲ್ಲಿ ಒಂದು ಕಂಡರೂ ದಡ.

ಏಳುಸುತ್ತಿನ_ಕೋಟೆ · ಚಿತ್ರದುರ್ಗ

ದಡ ಅಂದರೆ ಎಲ್ಲಿ ಅನ್ನೋದು ಹೊರಡೋ ಮುಂಚೆ ಕಾಗದದ ಮೇಲೆ ಇರಬೇಕು. ಈ ದಾರಿಯಲ್ಲಿ ಸುಮಾರು 28 ಮೈಲಿಗೆ ಪಾಲೊಲೆಂ ಕೊಲ್ಲಿ. ಹವಾ ನೆಟ್ಟಗಿರೋ ಕಾಲದಲ್ಲಿ ಲಂಗರಿಗೆ ಆಗುತ್ತೆ, ಬಲೆ ಹಗ್ಗಗಳ ಮೇಲೆ ಕಣ್ಣಿರಲಿ. ಅದಕ್ಕೂ ಮುಂಚೆ ತಿರುಗೋದಾದರೆ ಬೆಳಗ್ಗೆ ಹತ್ತರೊಳಗೆ ನಿರ್ಧಾರ ಮಾಡಿ. ಕಡಲಗಾಳಿ ಎದ್ದ ಮೇಲೆ ಉತ್ತರಕ್ಕೆ ತಿರುಗಿದರೆ ಗಾಳಿ, ಅಲೆ ಎರಡೂ ಮೂತಿಗೆ, ಇದ್ದ ಕಾಯಿಲೆ ಇಮ್ಮಡಿ. ಆಮೇಲೆ ಮುಂದಕ್ಕೆ ಹೋಗೋದೇ ಮೇಲು. ಕಾರವಾರದ ಹತ್ತಿರ ಅಂಜದೀವ್ ದ್ವೀಪ ನೌಕಾಪಡೆಯದು, ಗಾಳಿಗೆ ಮರೆ ಸಿಗುತ್ತೆ ಅಂತ ಅದರ ಪಕ್ಕ ನುಗ್ಗಬೇಡಿ. ತುರ್ತಿಗೆ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್, ಫೋನ್ ಸಿಕ್ಕರೆ ಕೋಸ್ಟ್ ಗಾರ್ಡ್ 1554.

ಇನ್ನೊಂದು ಉಪಾಯ ಎಲ್ಲರೂ ಮರೆಯೋದು: ದೋಣಿಯನ್ನೇ ನಿಲ್ಲಿಸಿ ಮಲಗಿಸೋದು, ಹೀವ್-ಟು. ಮುಂದಿನ ಹಾಯಿಯ ಹಗ್ಗ ಬಿಡದೆ ಮೂತಿ ಗಾಳಿ ಬರೋ ದಿಕ್ಕನ್ನು ದಾಟುವಂತೆ ದೋಣಿಯನ್ನು ತಿರುಗಿಸಿ. ಆ ಹಾಯಿ ಉಲ್ಟಾ ತುಂಬಿಕೊಂಡು ಮೂತಿಯನ್ನು ಗಾಳಿಯಿಂದ ಆಚೆ ತಳ್ಳುತ್ತೆ. ಈಗ ವ್ಹೀಲನ್ನು ಗಾಳಿ ಬರೋ ಬದಿಗೆ ತಿರುಗಿಸಿ ಕಟ್ಟಿ. ವ್ಹೀಲಿನ ಬದಲು ಟಿಲ್ಲರ್ (ಚುಕ್ಕಾಣಿಯ ಕೋಲು) ಇದ್ದರೆ ಗಾಳಿ ಹೋಗೋ ಬದಿಗೆ. ದೊಡ್ಡ ಹಾಯಿಯನ್ನು ತುಸು ಸಡಿಲಿಸಿ. ಒಂದು ತಳ್ಳುತ್ತೆ, ಇನ್ನೊಂದು ಎಳೆಯುತ್ತೆ, ದೋಣಿ ಅಲೆಗೆ ಭುಜ ಕೊಟ್ಟು ಗಂಟೆಗೆ ಒಂದು ಒಂದೂವರೆ ಮೈಲಿ ತೇಲುತ್ತೆ, ಅಷ್ಟೇ. ಆ ಸುಮ್ಮನಿರುವಿಕೆಯಲ್ಲಿ ಅರ್ಧ ಗಂಟೆ ಸಿಕ್ಕರೆ ಓಆರ್‌ಎಸ್ ಹೊಟ್ಟೆಯಲ್ಲಿ ಉಳಿಯುತ್ತೆ. ಕಡಲಗಾಳಿಯಲ್ಲಿ ತೇಲೋದು ದಡದ ಕಡೆಗೇ, ಎರಡು ಮೂರು ಮೈಲಿ ನೀರು ಇಟ್ಟುಕೊಂಡು ಮಾಡಿ. ಮುಂಚಿನ ದಿನ ಬಂದರಿನ ಹೊರಗೆ ಒಂದು ಸಲ ಮಾಡಿ ನೋಡಿ.

ಗಾಳಿ ಬಿದ್ದ ಆ ಹತ್ತು ಗಂಟೆಯ ಹೊತ್ತಿಗೆ ಹಾಯಿ ಇಳಿಸಿ ಬರೀ ಎಂಜಿನ್ನಿನಲ್ಲಿ ಓಡಿಸಬೇಡಿ. ದೊಡ್ಡ ಹಾಯಿ ಏರಿಸೇ ಇರಲಿ, ನಡುವಿಗೆ ಬಿಗಿದು ಕಟ್ಟಿ. ಗಾಳಿ ಹಿಡಿಯದಿದ್ದರೂ ಉರುಳಾಟ ತಡೆಯುತ್ತೆ.

ಕುಂದವಾಡ_ಕೆರೆ · ದಾವಣಗೆರೆ

ಅವರು ಮಲಗಿಬಿಟ್ಟರೆ ಪಾಳಿ ಹೇಗೆ? ದೋಣಿಯ ಯಜಮಾನರಿಗೇ ಬಂದರೆ?

ಬಯಲುಸೀಮೆ_ಹಾಯಿ · ಹರಿಹರ

ಯಾರಿಗೂ ಬರಬಹುದು. ಬ್ರಿಟಿಷ್ ನೌಕಾಪಡೆಯ ನೆಲ್ಸನ್‌ಗೂ ಬರ್ತಿತ್ತು, ನಾಚಿಕೆಯ ಮಾತೇನಿಲ್ಲ. ಹಾಗಾಗಿ ಯಜಮಾನರ ತಲೆಯಲ್ಲಿರೋದೆಲ್ಲ ಎರಡನೆಯವರ ತಲೆಗೂ ಬಂದಿರಬೇಕು: ದಾರಿ ತೋರಿಸೋ ಪರದೆಯಾದ ಪ್ಲಾಟರಿನಲ್ಲಿ ದಾರಿಯ ಬಿಂದುಗಳು ಬಂದರಿನಲ್ಲೇ ತುಂಬಿಟ್ಟಿರಲಿ (ಓಲಾಡುವಾಗ ಕೆಳಗೆ ಕೂತು ತುಂಬಿದವರೇ ಎರಡನೇ ರೋಗಿ), ಎಂಜಿನ್ ನಿಲ್ಲಿಸೋದು, ಲಂಗರು ಬಿಡೋದು, ರೇಡಿಯೊ ಒತ್ತೋದು ಗೊತ್ತಿರಲಿ. ಪಾಳಿ ಮೊದಲೇ ಮೂರು ಜನಕ್ಕೆ ಹಾಕಿಬಿಡಿ, ಎರಡು ಗಂಟೆ ಕೆಲಸ, ನಾಲ್ಕು ಗಂಟೆ ಬಿಡುವು. ನಾಲ್ಕನೆಯವರು ಚೆನ್ನಾಗಿದ್ದರೆ ಅವರು ಹೆಚ್ಚುವರಿ ಕಣ್ಣು. ಮುಂಜಾನೆ ಕತ್ತಲಲ್ಲಿ ಮೀನುದೋಣಿ, ಬಲೆಯ ತೇಲುಬುರುಡೆ ನೋಡೋಕೆ ಆ ಕಣ್ಣು ಬೇಕೇ ಬೇಕು, ಅದೂ ಬಾನಂಚು ನೋಡೋ ಕೆಲಸವೇ.

ಔಷಧಿ_ಅಂಗಡಿ · ದಾವಣಗೆರೆ

ಐದೂವರೆಗೆ ಹೊರಡೋದಾದರೆ ಸಿನ್ನರಿಜಿನ್ ಮೂರೂವರೆಗೆ. ಅಲಾರಂ ಇಟ್ಟು ಎಬ್ಬಿಸಿ, ಮಾತ್ರೆ ಕೊಟ್ಟು ಮತ್ತೆ ಮಲಗಿಸಿ. ಏಳೋ ಹೊತ್ತಿಗೆ ಕೊಡೋಣ ಅಂದ್ರೆ ತಡವಾಯ್ತು. ಬಿಪಿ, ಸಕ್ಕರೆ ಮಾತ್ರೆ ದಿನಾ ತಗೊಳ್ಳೋರಿದ್ದರೆ ಅದರ ವೇಳೆಯನ್ನು ಅವರ ಡಾಕ್ಟರ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ.

ಮಂಡಕ್ಕಿ_ಮಿರ್ಚಿ · ದಾವಣಗೆರೆ

ಮೂರೂವರೆಗೆ ಎಬ್ಬಿಸಿದಾಗ ಮಾತ್ರೆ ಜೊತೆ ಎರಡು ರಸ್ಕು ಕೊಡ್ರಿ, ಬರೀ ಹೊಟ್ಟೇಲಿ ಬ್ಯಾಡ. ಇಡ್ಲಿ ನಾಲ್ಕೂವರೆಗೆ. ಮತ್ತೆ ಆ ಮಂಡಕ್ಕಿ ಡಬ್ಬಿ ಬಕೆಟ್ಟಿನ ಪಕ್ಕ ಇಡಬ್ಯಾಡ್ರಿ ಮಾರಾಯ್ರೆ, ಆ ಕಡೆ ಬದಿಗೆ ಇಡ್ರಿ.